ನಾನಿದ್ದಲ್ಲಷ್ಟೇ ಕಾಣುವ ರವಿಕೆಗಳು

ಯಾವುದನ್ನೂ ಸುಮ್ಮನೆ ನಂಬುವ ಜಾಯಮಾನ ನನ್ನದಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದ್ದರಿಂದ ಅಂಟಿಕೊಂಡ ಚಟ ಅದು. ಶಾಸನ ಕಂಡರೆ ಕೆತ್ತಿಸಿದವನಿಗೆ ಏನು ಲಾಭವಿತ್ತು ಎಂದು ಕೇಳುತ್ತೇನೆ. ಹೋಟೆಲಿನಲ್ಲಿ "ಇಡ್ಲಿ ಈಗ ತಾನೇ ಇಳಿಸಿದ್ದು ಸಾರ್" ಎಂದರೆ ಮುಟ್ಟಿ ನೋಡುತ್ತೇನೆ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ನಾನು ಅನುಮಾನಿಸುವುದು ನನ್ನ ನೆನಪನ್ನೇ. ಆಲಸನತ್ತಂನ ನಮ್ಮ ಮನೆಗೆ ಬೀಗ ಹಾಕಿ ಬೀದಿಯ ಕೊನೆಯವರೆಗೆ ಹೋಗುತ್ತೇನೆ, ಹಾಕಿದೆನೋ ಇಲ್ಲವೋ ಎಂದು ವಾಪಸು ಬಂದು ಬೀಗ ಜಗ್ಗುತ್ತೇನೆ. ಜಗ್ಗಿ ಹೋದ ಮೇಲೆ, ಜಗ್ಗಿದ್ದು ಇವತ್ತೋ ನಿನ್ನೆಯೋ ಎಂಬ ಯೋಚನೆ ಹತ್ತಿಕೊಳ್ಳುತ್ತದೆ. ಎದುರು ಮನೆಯವರು ನನಗೆ ವಾಕಿಂಗ್ ಅಭ್ಯಾಸವಿದೆ ಎಂದುಕೊಂಡಿದ್ದಾರೆ. ಇಂಥವನು ಒಂದೇ ಒಂದು ಸಲ ತನ್ನ ನೆನಪನ್ನು ಪೂರ್ತಿ ನಂಬಿದ. ಅದೂ ತಂಗಿಯ ಅನ್ನದ ವಿಷಯದಲ್ಲಿ.

ತಂಗಿ ನಾಗವೇಣಿ ಇರುವುದು ಮತ್ತಿಗಿರಿಯಲ್ಲಿ. ವರ್ಷಗಟ್ಟಲೆ ಫ್ಯಾಕ್ಟರಿಯಲ್ಲಿ ಶಿಫ್ಟು ಮಾಡಿದವಳು, ಎರಡು ತಿಂಗಳ ರಜೆ ಹಾಕಿ ಮನೆಯಲ್ಲೇ ರವಿಕೆ ಹೊಲಿಯಲು ಕೂತಳು. ಅವಳ ಕಸೂತಿ ನೋಡಿದರೆ ನನ್ನಂಥವನ ಬಾಯೂ ಕಟ್ಟುತ್ತದೆ. "ಒಂದು ಮದ್ವೆ ಮನೆ ಆರ್ಡರ್ ಸಿಕ್ಕುದ್ರೆ ಇದ್ನೇ ಮಾಡ್ಕಂಡಿರ್ತೀನಿ ಅಣ್ಣ. ಇಲ್ದಿದ್ರೆ ಮತ್ತೆ ಆ ಮಿಷಿನ್ ಮುಂದುಕ್ಕೇ" ಎಂದಿದ್ದಳು. ಅಷ್ಟರಲ್ಲಿ ಕೃಷ್ಣಗಿರಿಯ ಒಂದು ಮದುವೆ ಮನೆಯಿಂದ ಕೇಳಿಕೊಂಡು ಬಂತು. ವೆಬ್‌ಸೈಟ್ ಇದ್ದರೆ ಕಳಿಸಿ, ಎಲ್ಲರೂ ಕೂತು ಡಿಸೈನು ನೋಡುತ್ತೇವೆ ಎಂದರಂತೆ ಹೆಣ್ಣಿನ ತಾಯಿ. ತಂಗಿ ನನಗೆ ಫೋನು ಮಾಡಿದಳು.

"ಅಣ್ಣ, ವೆಬ್‌ಸೈಟ್ ಮಾಡಾಕೆ ಎಷ್ಟು ದಿನ ಬೇಕು?"

"ಯಾಕೆ?"

"ಐತೆ ಅಂದ್ಬುಟ್ಟೆ."

ನಾನು ವಿಡಿಯೋ ನೋಡಿ ಕಲಿತು ಶುರು ಮಾಡಿದೆ. ಯಾವ ಭಾಷೆಯಲ್ಲಿ ಮಾಡುವುದು ಎಂಬ ಚರ್ಚೆಗೇ ಎರಡು ಸಂಜೆ ಹೋಯಿತು. ನಮ್ಮದು ತಮಿಳುನಾಡಿನ ಗಡಿಯೂರು: ಮನೆಯಲ್ಲಿ ಕನ್ನಡ, ಗಿರಾಕಿಗಳಲ್ಲಿ ಅರ್ಧ ತೆಲುಗು, ಬೋರ್ಡೆಲ್ಲ ತಮಿಳು. ಕೊನೆಗೆ ಯಾರಿಗೂ ಬೇಜಾರಾಗದಿರಲಿ ಎಂದು, ಯಾರ ಮನೆಯಲ್ಲೂ ಆಡದ ಇಂಗ್ಲಿಷಿನಲ್ಲಿ ಮಾಡಿದೆವು.

ಇಂಥ ಸೈಟನ್ನು ಮೊದಲು ನಮ್ಮ ಲ್ಯಾಪ್‌ಟಾಪಿನೊಳಗೇ ಕಟ್ಟಿಕೊಳ್ಳಬಹುದು. ಅಲ್ಲಿರುವವರೆಗೆ ಅದು ನಮಗೆ ಮಾತ್ರ ಕಾಣುತ್ತದೆ. ಊರಿಗೆಲ್ಲ ಕಾಣಬೇಕಾದರೆ ಹೋಸ್ಟಿಂಗ್ ಎಂಬ ಬಾಡಿಗೆ ಜಾಗಕ್ಕೆ ಸಾಗಿಸಬೇಕು. ಮನೆ ಬದಲಾಯಿಸಿದ ಹಾಗೆಯೇ ಇದು. ಸಾಮಾನು ಸಾಗಿಸಿದರೆ ಸಾಲದು, ವಿಳಾಸವನ್ನೂ ತಿದ್ದಿಸಬೇಕು. ಪ್ರತಿ ಫೋಟೋದ ಹಿಂದೆ ಅದು ಎಲ್ಲಿಂದ ಬರಬೇಕೆಂಬ ವಿಳಾಸ ಇರುತ್ತದೆ. ಅದರಲ್ಲಿ ನನ್ನ ಲ್ಯಾಪ್‌ಟಾಪಿನದನ್ನು ತೆಗೆದು ಹೊಸ ಜಾಗದ್ದನ್ನು ಹಾಕಬೇಕು. ಹಾಕಿದೆ. ಹಾಕಿದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು. ಭಾನುವಾರ ಬೆಳಿಗ್ಗೆ, ಪಕ್ಕದಲ್ಲಿ ಕಾಫಿ, ಹೊರಗೆ ಸೊಪ್ಪಿನವಳ ಕೂಗು, ಕಾಫಿಯ ಮೇಲೆ ಕಟ್ಟಿದ ಕೆನೆ ಸಹ. ಇಷ್ಟು ವಿವರವಿರುವ ನೆನಪನ್ನು ಯಾವ ಇತಿಹಾಸಕಾರ ತಳ್ಳಿಹಾಕುತ್ತಾನೆ?

ಲಿಂಕನ್ನು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದೆ. ಹೂಗುಚ್ಛಗಳು ಬಂದವು, ಚಪ್ಪಾಳೆ ಬಂತು, "ಸೂಪರ್ ಮಾವ" ಬಂತು. ಮದುವೆ ಊಟ ಹೇಗಿತ್ತೆಂದು ಕೇಳಿದರೆ ನಮ್ಮವರು ಯಾವತ್ತಾದರೂ ಉಪ್ಪು ಕಮ್ಮಿ ಎಂದದ್ದುಂಟೆ? ಅದೇ ಮರ್ಯಾದೆ ಇಲ್ಲೂ ನಡೆದಿತ್ತು, ನನಗೆ ಹೊಳೆಯಲಿಲ್ಲ. ಇಡ್ಲಿ ಮುಟ್ಟಿ ನೋಡುವ ನಾನು ಹೊಗಳಿಕೆಯನ್ನು ಮುಟ್ಟದೆಯೇ ನುಂಗಿದೆ. ಕೃಷ್ಣಗಿರಿಯ ಹೆಣ್ಣಿನ ತಾಯಿಯೂ "ರೊಂಬ ಚೆನ್ನಾಗೈತಮ್ಮ, ಮನೇಲಿ ಕೇಳಿ ಹೇಳ್ತೀನಿ" ಎಂದು ಸುಮ್ಮನಾದರಂತೆ. ವಾರ ಕಳೆಯಿತು. ತಂಗಿಯ ರಜೆ ಮುಗಿಯುತ್ತ ಬಂದಿತ್ತು.

ಬೇರೆ ಮಾತಾಡಿದವಳು ತಂಗಿ ಒಬ್ಬಳೇ. "ಅಣ್ಣ, ಫೋಟೋನೇ ಕಾಣ್ತಿಲ್ಲ. ಬರೀ ಖಾಲಿ ಚೌಕ." ನಾನು ಲ್ಯಾಪ್‌ಟಾಪಿನಲ್ಲಿ ತೆರೆದೆ. ಹನ್ನೆರಡು ರವಿಕೆಗಳೂ ಥಳಥಳ ಹೊಳೆಯುತ್ತಿದ್ದವು. ನಿನ್ನ ಫೋನು ಹಳೆಯದು ಎಂದೆ. ನೆಟ್ಟು ನಿಧಾನ ಎಂದೆ. ಮತ್ತಿಗಿರಿಯ ಟವರನ್ನೂ ಬಿಡಲಿಲ್ಲ. ಕೊನೆಗೆ ಸಾಕ್ಷಿ ಸಮೇತ ತೋರಿಸಿಯೇ ಬಿಡುವುದೆಂದು ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಅವಳ ಮನೆಗೆ ಹೋದೆ.

ಅವಳ ಅತ್ತೆ ಚಿನ್ನಮ್ಮನವರು ನಡುಮನೆಯಲ್ಲಿ ರವಿಕೆಗಳಿಗೆ ಹುಕ್ಕು ಹೊಲಿಯುತ್ತ ಕೂತಿದ್ದರು. ನಾನು ಸೈಟು ತೆರೆದೆ, ರವಿಕೆಗಳು ಬಂದವು. ನಾಗವೇಣಿ ಲ್ಯಾಪ್‌ಟಾಪಿನ ಪಕ್ಕದಲ್ಲಿ ತನ್ನ ಫೋನನ್ನಿಟ್ಟಳು. ಅದರಲ್ಲಿ ರವಿಕೆಗಳ ಹೆಸರಿತ್ತು, ಹೆಸರಿನ ಮೇಲೆ ಖಾಲಿ ಚೌಕವಿತ್ತು. ಚಿನ್ನಮ್ಮ ಎರಡನ್ನೂ ಬಗ್ಗಿ ನೋಡಿದರು.

"ನಿಮ್ಮಣ್ಣ ಬಂದ್ರೆ ಬತ್ತವೆ, ಹೋದ್ರೆ ಹೋಯ್ತವೆ. ಫೋಟೋ ಎಲ್ಲಾ ಅವ್ನ ಚೀಲ್ದಾಗೇ ಅವೆ ಕಣವ್ವ."

ನಾನು ನಕ್ಕೆ. "ಹಂಗಲ್ಲಮ್ಮ. ಅವು ಬೇರೆ ಕಡೆ ಅವೆ. ದೂರದಲ್ಲಿ ದೊಡ್ಡ ಕಂಪ್ಯೂಟರ್ ಐತೆ, ಅಲ್ಲಿಂದ ಬರೋದು."

"ಇರ್ಬೌದಪ್ಪ. ಓದ್ದೋನು ನೀನು."

ಆ ಮಾತು ಚುಚ್ಚಿತು. ಸೈಟು ಕಟ್ಟಲು ಬಳಸಿದ ಪ್ರೋಗ್ರಾಮು ಲ್ಯಾಪ್‌ಟಾಪಿನಲ್ಲಿ ಇನ್ನೂ ಓಡುತ್ತಲೇ ಇತ್ತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ತೋರಿಸಲು ಅದನ್ನು ನಿಲ್ಲಿಸಿ, ಪುಟವನ್ನು ಹೊಸದಾಗಿ ತೆರೆದೆ. ಹನ್ನೆರಡು ಖಾಲಿ ಚೌಕಗಳು ಬಂದವು.

ಚಿನ್ನಮ್ಮ ಹಲ್ಲಿನಿಂದ ದಾರ ಕಡಿದು ಇನ್ನೊಂದು ಹುಕ್ಕು ತೆಗೆದುಕೊಂಡರು.

ಫೋಟೋಗಳು ಹೊಸ ಜಾಗಕ್ಕೆ ಹೋಗಿದ್ದವು, ನಿಜ. ಆದರೆ ಸೈಟು ಬಂದವರಿಗೆಲ್ಲ ಹಳೆಯ ವಿಳಾಸವನ್ನೇ ಹೇಳುತ್ತಿತ್ತು. ಆ ವಿಳಾಸಕ್ಕೆ "ಇದೇ ಯಂತ್ರದೊಳಗೆ ನೋಡಿ" ಎಂದಷ್ಟೇ ಅರ್ಥ. ಅವರವರ ಫೋನು ತನ್ನೊಳಗೇ ತಡಕಾಡಿ, ಏನೂ ಸಿಗದೆ ಸುಮ್ಮನಾಗುತ್ತಿತ್ತು. ನನ್ನ ಲ್ಯಾಪ್‌ಟಾಪಿಗೆ ಮಾತ್ರ ಓಡುತ್ತಿದ್ದ ಆ ಪ್ರೋಗ್ರಾಮು ಒಳಗಿಂದಲೇ ಫೋಟೋ ಎತ್ತಿ ಕೊಡುತ್ತಿತ್ತು. ಹಾಗಾದರೆ ಆ ಭಾನುವಾರ? ಕಾಫಿ ನಿಜ, ಕೆನೆಯೂ ನಿಜ. ಬಹುಶಃ ತಿದ್ದಬೇಕೆಂದು ಯೋಚಿಸುತ್ತ ಕಾಫಿ ಕುಡಿದಿದ್ದೆ.

ಸರಿಮಾಡಲು ಹತ್ತು ನಿಮಿಷವೂ ಬೇಕಾಗಲಿಲ್ಲ. ತಂಗಿ ಕೃಷ್ಣಗಿರಿಗೆ ಫೋನು ಹಚ್ಚಿದಳು. "ಈಗ ಕಾಣ್ತಾವಮ್ಮ. ಮೊದ್ಲು ಏನೂ ಇರ್ಲಿಲ್ಲ, ಹೆಂಗೆ ಹೇಳೋದು ಅಂತ ಸುಮ್ಕಿದ್ದೆ" ಎಂದರು ಆ ತಾಯಿ. ಮದುಮಗಳ ರವಿಕೆಗಳು ಅಷ್ಟರಲ್ಲಿ ಅಲ್ಲಿನ ಟೈಲರ್ ಕೈ ಸೇರಿದ್ದವು. ಚಿಕ್ಕಮ್ಮಂದಿರ ಐದು ಉಳಿದಿದ್ದವು. ಅವನ್ನು ನಾಗವೇಣಿಗೆ ಕೊಟ್ಟರು. ಐದು ರವಿಕೆ ನಂಬಿ ಫ್ಯಾಕ್ಟರಿ ಬಿಡುವ ಹಾಗಿಲ್ಲ. ಇನ್ನೊಂದು ತಿಂಗಳು ರಜೆ ಕೇಳಿದಳು. ಸೂಪರ್‌ವೈಸರ್ ಮುಖ ಸಿಂಡರಿಸಿ ಕೊಟ್ಟನಂತೆ.

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ನನ್ನ ನೆನಪೇ ಸರಿಯಿಲ್ಲಮ್ಮ" ಎಂದೆ.

"ಮರೀತೀಯಲ್ಲ, ಅದು ತೊಂದ್ರೆ ಅಲ್ಲಣ್ಣ. ನೆನಪೈತೆ ಅಂತೀಯಲ್ಲ, ಅದೇ ತೊಂದ್ರೆ" ಎಂದಳು, ಅಳತೆ ಟೇಪು ಸುತ್ತುತ್ತ.

ಈಗ ಹೊಸ ರವಿಕೆಯ ಫೋಟೋ ಹಾಕಿದಾಗಲೆಲ್ಲ ನಾನು ನನ್ನ ಕಣ್ಣನ್ನು ನಂಬುವುದಿಲ್ಲ. ಚಿನ್ನಮ್ಮನವರ ಫೋನಿಗೆ ಲಿಂಕು ಕಳಿಸುತ್ತೇನೆ. ಅವರು ಕನ್ನಡಕ ಹುಡುಕಿ ನೋಡಿ, "ಬಂತು" ಎಂದು ಧ್ವನಿ ಸಂದೇಶ ಕಳಿಸಿದ ಮೇಲೇ ಕೆಲಸ ಮುಗಿದ ಲೆಕ್ಕ. ಮೊನ್ನೆ ಎರಡು ದಿನ ಕಾದರೂ ಸಂದೇಶ ಬರಲಿಲ್ಲ. ತಡೆಯಲಾರದೆ ಮತ್ತಿಗಿರಿಗೇ ಹೋಗಿ ಕೇಳಿದೆ. "ಆವತ್ತೇ ಹೇಳುದ್ನಲ್ಲಪ್ಪ" ಎಂದರು. ಫೋನು ತೆಗೆದು ನೋಡಿದೆ. ಹೇಳಿದ್ದರು. ಅದರ ಕೆಳಗೆ ನನ್ನದೇ ಉತ್ತರವೂ ಇತ್ತು: "ಸರಿ ಅಮ್ಮ, ಕೇಳಿಸಿಕೊಂಡೆ."