ಹಿಂದಿನ ದೀಪದ ಕೆಂಪು ಶೀಶೆಯವರ ಸಮ್ಮುಖಕ್ಕೆ

ಗೆ,
ಪಾರದರ್ಶಕ ಕೆಂಪು ಬಣ್ಣದ ಪುಟ್ಟ ಶೀಶೆಯವರು,
ಕಿಟಕಿ ಪಕ್ಕದ ಮೇಜು, ಕುಂಚಗಳ ಲೋಟದ ಎಡಕ್ಕೆ.

ಮಾನ್ಯರೇ,

ತಮ್ಮ ಮುಚ್ಚಳವು ಭದ್ರವಾಗಿಯೂ ತಮ್ಮ ಅಂತರಂಗವು ಗಂಟುಕಟ್ಟದೆಯೂ ಇರುವುದೆಂದು ನಂಬಿ, ಈ ಬಹಿರಂಗ ಪತ್ರವನ್ನು ತಮ್ಮಿಂದ ಒಂದು ಮೊಳ ದೂರದಲ್ಲಿ ಕುಳಿತು, ತಮಗೆ ಬೆನ್ನು ತೋರಿಸದಂತೆ ಎಚ್ಚರ ವಹಿಸಿ ಬರೆಯುತ್ತಿದ್ದೇನೆ. ಕಳೆದ ಸಲ ನಾನು ಬೆನ್ನು ತಿರುಗಿಸಿದಾಗ ತಾವು ಮೇಜಿನಿಂದಿಳಿದು ನನ್ನ ಗಂಡನ ಬಿಳಿ ಅಂಗಿಯ ಮೇಲೆ ವಿಶ್ರಮಿಸಿದ್ದು ತಮಗೂ ನೆನಪಿರಬಹುದು.

ನಾನು ಕಟ್ಟುಹಲ್ಲು ಮಾಡುವವಳು. ದಂತವೈದ್ಯರು ಕಳಿಸಿದ ಅಚ್ಚು ನೋಡಿ, ಪದರದ ಮೇಲೆ ಪದರ ಹಚ್ಚಿ, ಬೆಳಕು ತುಸು ಒಳಗಿಳಿದು ತಿರುಗಿ ಬರುವಂಥ ಹಲ್ಲು ಮಾಡುವುದು ನನ್ನ ಕಸುಬು. ನನ್ನ ಹಲ್ಲು ಹಾಕಿಕೊಂಡವರು ಫೋಟೋಗಳಲ್ಲಿ ಕಾರಣವಿಲ್ಲದೆ ನಗುತ್ತಾರೆ. ಇಂಥವಳಿಗೆ ಅಂಗೈಯುದ್ದದ ಮಾದರಿ ಕಾರಿನ ಹಿಂದಿನ ದೀಪವೊಂದು ಯಾವ ಲೆಕ್ಕ ಎಂಬ ಜಂಬ ನನಗಿತ್ತು. ಅದನ್ನು ತಾವು ಎಷ್ಟು ನಾಜೂಕಾಗಿ ಇಳಿಸಿದಿರಿ ಎಂಬುದನ್ನು ಲೋಕಕ್ಕೆ ತಿಳಿಸುವುದು ನನ್ನ ಕರ್ತವ್ಯ.

ಕಾರು ನನ್ನ ಚಿಕ್ಕಮ್ಮನದು. ಅವರು ಡ್ರೈವಿಂಗ್ ಕಲಿಸುತ್ತಿದ್ದವರು. ನಮ್ಮೂರಿನ ಅರ್ಧ ಜನ ಅವರಿಂದ ಬೈಸಿಕೊಂಡೇ ಗೇರು ಹಾಕುವುದನ್ನು ಕಲಿತಿದ್ದಾರೆ. ಕಣ್ಣು ಮಂಜಾಗಿ ಈ ವರ್ಷ ಅವರು ಸ್ಟಿಯರಿಂಗ್ ಬಿಟ್ಟರು, ನೀಲಿ ಕಾರು ಗುಜರಿಗೆ ಹೋಯಿತು. ಅಂದಿನಿಂದ ಅವರು ಕಾರಿನ ಮಾತನ್ನೇ ಎತ್ತಲಿಲ್ಲ. ಊಟದ ಮೇಜಿನಲ್ಲಿ ಯಾರಾದರೂ ಬಾಯಿ ತಪ್ಪಿ 'ಬ್ರೇಕ್' ಎಂದರೂ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಇಡೀ ಮನೆಯನ್ನು ನಗಿಸುತ್ತಿದ್ದ ಬಾಯಿಗೆ ಬೀಗ ಬಿದ್ದದ್ದು ನನಗೆ ಸಹಿಸಲಾಗಲಿಲ್ಲ. ಆ ಕಾರನ್ನೇ ಚಿಕ್ಕದಾಗಿ ಮಾಡಿ ಕೈಗಿಟ್ಟರೆ ಬೀಗ ತೆಗೆಯಬಹುದು ಎಂದು, ಅದೇ ಕಾರಿನ ಪುಟ್ಟ ಬಿಡಿಭಾಗಗಳ ಪೆಟ್ಟಿಗೆಯೊಂದನ್ನು ತಂದು ಜೋಡಿಸಲು ಹೊರಟೆ.

ಬಾಡಿ, ಚಕ್ರ, ಗಾಜು ಒರೆಸುವ ಕಡ್ಡಿ ಎಲ್ಲವೂ ಹೇಳಿದ ಹಾಗೆ ಕೇಳಿದವು. ಆಮೇಲೆ ತಾವು ಬಂದಿರಿ. ಎಡಗಡೆಯ ದೀಪಕ್ಕೆ ತಮ್ಮನ್ನು ದಪ್ಪಗೆ ಹಚ್ಚಿದರೆ ಜಾಮಿನಂತೆ ಕಪ್ಪಾದಿರಿ. ತೆಳ್ಳಗೆ ಹಚ್ಚಿದರೆ ಅಂಚಿಗೆ ಓಡಿ ನಡುವೆ ಬೋಳು ಬಿಟ್ಟಿರಿ. ಒಮ್ಮೆ ಗುಳ್ಳೆ ಎದ್ದಿರಿ, ಒಮ್ಮೆ ನನ್ನದೇ ತಲೆಗೂದಲನ್ನು ಒಳಗೆಳೆದುಕೊಂಡು ಬಿರುಕು ಬಿಟ್ಟವರಂತೆ ನಟಿಸಿದಿರಿ. ಇನ್ನೇನು ಸರಿಹೋಯಿತು ಎನ್ನುವಾಗ ನನ್ನ ಗಂಡ ಬೆರಳಿಟ್ಟು, "ಒಣಗಿದೆಯಾ ನೋಡೋಣ ಅಂತ ಮುಟ್ಟಿದೆ ಅಷ್ಟೇ" ಎಂದರು. ಹಲ್ಲಿನ ಅಚ್ಚು ತೆಗೆಯುವ ವಿದ್ಯೆಯಿಂದಲೇ ಹೊಸ ಹೊಸ ದೀಪಗಳನ್ನು ಎರಕ ಹೊಯ್ಯುತ್ತ ಹೋದೆ, ತಾವು ಒಂದೊಂದನ್ನೂ ಒಂದೊಂದು ರೀತಿಯಲ್ಲಿ ಕೆಡಿಸುತ್ತ ಹೋದಿರಿ. ಇಷ್ಟು ವೈವಿಧ್ಯ ಯಾವ ಕಲಾವಿದನಿಗೂ ಒಲಿದಿಲ್ಲ.

ಕೊನೆಗೆ ನಿಜವಾದ ದೀಪ ಹೇಗಿರುತ್ತದೆಂದು ನೋಡಲು ಬೀದಿಯಲ್ಲಿ ನಿಂತ ಕಾರುಗಳ ಹಿಂದೆ ಮಂಡಿಯೂರಿ ಕೂತೆ. ಕಾವಲುಗಾರ ಬಂದು, "ಏನಮ್ಮಾ, ಏನು ಕಳ್ಕೊಂಡ್ರಿ?" ಎಂದ. ದೀಪದೊಳಗೆ ಬೆಳಕು ಎಲ್ಲಿ ಕೂತಿರುತ್ತದೆಂದು ನೋಡುತ್ತಿದ್ದೇನೆ ಎಂದೆ. ಪುಣ್ಯಾತ್ಮ ತಾನೂ ಪಕ್ಕದಲ್ಲಿ ಮಂಡಿಯೂರಿ, "ಕೆಂಪಿನ ಮುಂದುಗಡೆ ಅಲ್ಲಮ್ಮಾ, ಅದರ ಹಿಂದೆ ಏನೋ ಹೊಳೀತಿದೆ" ಎಂದುಬಿಟ್ಟ. ಅಷ್ಟೇ ಬೇಕಿತ್ತು. ಮನೆಗೆ ಓಡಿ ಬಂದು, ದೀಪದ ಒಳಮೈಗೆ ತಮ್ಮನ್ನು ತೆಳುವಾಗಿ ಪದರ ಪದರವಾಗಿ ಹಚ್ಚಿ, ಬೆನ್ನಿಗೆ ಬೆಳ್ಳಿ ಹಾಳೆ ಅಂಟಿಸಿ, ಧೂಳು ಕೂರದಂತೆ ಬಟ್ಟಲು ಬೋರಲು ಹಾಕಿದೆ. ಬಟ್ಟಲು ಎತ್ತಿದಾಗ ಕಿಟಕಿಯ ಬಿಸಿಲು ದೀಪದೊಳಗೆ ಇಳಿದು, ಕೆಂಪಾಗಿ, ಜೀವಂತವಾಗಿ ಹೊರಬಂತು! ನಾನು ಕುಣಿದೆ. ತಮ್ಮ ಮುಚ್ಚಳಕ್ಕೆ ಮುತ್ತಿಟ್ಟೆ. ಬಲದೀಪವನ್ನೂ ಹಾಗೆಯೇ ಮುಗಿಸಿ, ಕೆಟ್ಟ ದೀಪಗಳನ್ನೆಲ್ಲ ಗುಡಿಸಿ ಅವತ್ತೇ ಕಸದ ಗಾಡಿ ಹತ್ತಿಸಿದೆ.

ಗಂಡನನ್ನೂ ಕರೆದುಕೊಂಡು ಚಿಕ್ಕಮ್ಮನ ಮನೆಗೆ ಹೋದೆ. ಚಿಕ್ಕಮ್ಮ ಕಾರನ್ನು ಕೈಗೆ ತೆಗೆದುಕೊಂಡು ಮುಂಭಾಗ ನೋಡಲೇ ಇಲ್ಲ. ನೇರ ಹಿಂದಕ್ಕೆ ತಿರುಗಿಸಿ, ಮೂಗಿನ ಹತ್ತಿರ ಹಿಡಿದು, ಬಹಳ ಹೊತ್ತು ನೋಡಿ, "ಎಡಗಡೆ ದೀಪ ಇಷ್ಟು ಚೆನ್ನಾಗಿ ಯಾವತ್ತಿತ್ತೇ? ಇದು ಯಾರದೋ ಕಾರು. ನಮ್ಮದನ್ನ ನಿನ್ನ ಗಂಡ ಕಲಿಯೋವಾಗ ಕಂಬಕ್ಕೆ ಗುದ್ದಿ ಒಡೆದಿದ್ನಲ್ಲ!" ಎಂದರು. ನಾನು ಸದಾ ಆ ಕಾರಿನೊಳಗೆ ಕೂತವಳೇ ಹೊರತು ಹಿಂದೆ ನಿಂತು ನೋಡಿದವಳಲ್ಲ. ಹಿಂಭಾಗಕ್ಕೆ ಪೆಟ್ಟಿಗೆಯ ಮೇಲಿನ ಚಿತ್ರವನ್ನೇ ನಂಬಿದ್ದೆ. ಆದರೆ ಇಷ್ಟು ದಿನ ಪಕ್ಕದಲ್ಲೇ ಕೂತು ನೋಡಿಯೂ ತುಟಿ ಪಿಟಕ್ಕೆನ್ನದ ನನ್ನ ಗಂಡ, "ಆ ಕಂಬ ಅಲ್ಲಿರಬಾರದಿತ್ತು ಅತ್ತೆ" ಎಂದರು.

ಬೀಗ ತೆಗೆದದ್ದು ಆಗ. ಆ ದೀಪ ಬಿರುಕು ಬಿಟ್ಟದ್ದು, ಅದಕ್ಕೆ ಕೆಂಪು ಪ್ಲಾಸ್ಟಿಕ್ ಹಾಳೆ ಮೆತ್ತಿದ್ದು, ಅಂಟು ಗುಳ್ಳೆ ಎದ್ದದ್ದು, ರಿಪೇರಿ ಮಾಡಿಸಿ ಎಂದವರಿಗೆಲ್ಲ "ಇರಲಿ ಬಿಡ್ರಿ, ಹಿಂದೆ ಬರೋರು ದೂರ ಇರ್ತಾರೆ" ಎಂದದ್ದು, ಒಂದೊಂದನ್ನೂ ಹೇಳುತ್ತ, ನಡುನಡುವೆ ನನ್ನ ಗಂಡನಿಗೆ ಬೈಯುತ್ತ, ಚಹಾ ಆರಿ ತಣ್ಣಗಾಗುವವರೆಗೂ ನಕ್ಕರು. ನನಗೆ ಅಳು ಬಂತು, ಮುಚ್ಚಿಡುವುದೇಕೆ. ನಾವು ಹೊರಡುವಾಗ ಚಿಕ್ಕಮ್ಮ ಎಡದೀಪವನ್ನು ಉಗುರಿನಿಂದ ಕಿತ್ತು ನನ್ನ ಕೈಗಿಟ್ಟು, "ಇದನ್ನ ಕೆಡಿಸಿಕೊಂಡು ಬಾ. ಅಲ್ಲೀವರೆಗೂ ನಮ್ಮ ಕಾರು ರಸ್ತೆಗಿಳಿಯಲ್ಲ" ಎಂದರು.

ನನ್ನ ದೂರು ಈಗ ಶುರುವಾಗುತ್ತದೆ, ಮಾನ್ಯರೇ. ಅಂದಿನಿಂದ ತಾವು ಕೆಡುವುದನ್ನೇ ನಿಲ್ಲಿಸಿದ್ದೀರಿ! ದಪ್ಪಗೆ ಸುರಿದರೂ ಸಮನಾಗಿ ಹರಡುತ್ತೀರಿ. ಬೇಕೆಂದೇ ಕೂದಲು ಹಾಕಿದರೆ ಅದು ತೇಲಿಕೊಂಡು ಆಚೆ ಹೋಗುತ್ತದೆ. ಮರ್ಯಾದೆಯಿಂದ ಕರೆದು ಮುಟ್ಟಿಸಿದರೂ ನನ್ನ ಗಂಡನ ಬೆರಳಿನ ಗುರುತು ನಿಲ್ಲುತ್ತಿಲ್ಲ. ಮೇಜಿನ ಮೇಲೆ ಸಾಲಾಗಿ ಕೂತಿರುವ ದೀಪಗಳೆಲ್ಲ ಕಣ್ಣು ಕುಕ್ಕುವಷ್ಟು ಚೆಂದ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಒಂದೇ ಒಂದು ಸಲ ಗುಳ್ಳೆ ಎದ್ದು, ಎಡ ಮೂಲೆಯಿಂದ ನಡುವಿನವರೆಗೆ ಬಿರುಕು ಬಿಟ್ಟು, ಹಳೆಯ ಅಂಟಿನ ಬಣ್ಣಕ್ಕೆ ತಿರುಗಿ ಕೃತಾರ್ಥಳನ್ನಾಗಿಸಬೇಕೆಂದು ಕೈಮುಗಿದು ಕೇಳುತ್ತೇನೆ. ಚಿಕ್ಕಮ್ಮ ದಿನಾ ಬೆಳಿಗ್ಗೆ ಫೋನು ಮಾಡಿ, ಕ್ಷೇಮ ಸಮಾಚಾರ ಕೂಡ ಕೇಳದೆ, "ಕೆಟ್ಟಿತೇನೇ?" ಎನ್ನುತ್ತಾರೆ. ಇಲ್ಲ ಎನ್ನಲು ನನಗೆ ನಾಚಿಕೆಯಾಗುತ್ತಿದೆ.

ತಮ್ಮ ವಿಶ್ವಾಸಿ,
ಸದ್ಯಕ್ಕೆ ಯಾವುದನ್ನೂ ಕೆಡಿಸಲಾಗದ
ಕಟ್ಟುಹಲ್ಲಿನವಳು

ವಿ.ಸೂ.: ಬಣ್ಣದ ಅಂಗಡಿಯ ಕೆಳಗಿನ ಕಪಾಟಿನಲ್ಲಿ ಬೇರೊಂದು ಕಂಪನಿಯ ಕೆಂಪು ಶೀಶೆಯವರು ಧೂಳು ಹಿಡಿದು ಕೂತಿದ್ದಾರೆ. "ಅದೊಂದನ್ನ ಮಾತ್ರ ತಗೋಬೇಡಿ ಅಕ್ಕಾ, ಹಚ್ಚಿದ್ದೆಲ್ಲ ಹಾಳಾಗುತ್ತೆ" ಎಂದು ಅಂಗಡಿಯವನು ಅವರನ್ನು ಬಾಯ್ತುಂಬ ಹೊಗಳಿದ್ದಾನೆ. ನಾಳೆ ಅವನು ಬಾಗಿಲು ತೆಗೆಯುವ ಮೊದಲೇ ಹೋಗಿ ನಿಲ್ಲುವವಳಿದ್ದೇನೆ.