ಡಾಬಿಗೂ ಬಗ್ಲೂಸಿಗೂ ನಡುವೆ

ಹೈದರಾಬಾದಿನಿಂದ ಬಿ.ಎಸ್ಸಿ. ಪದವಿ ಹೊತ್ತು ನಾರಾಯಣಪೇಟೆಗೆ ವಿಜ್ಞಾನದ ಮಾಸ್ತರನಾಗಿ ಬಂದ ನನಗೆ ಒಂದು ಹೊಟ್ಟೆ ಇಳಿಸುವುದು ಯಾವ ಮಹಾ ವಿದ್ಯೆ! ಹೀಗೆಂದು ಹೆಂಡತಿಯ ಮುಂದೆ ಎದೆಯ ಮೇಲೆ ಕೈಯಿಟ್ಟು ಘೋಷಿಸಿದೆ. ಅದೇ ಕೈಯನ್ನು ಆಗಾಗ ಒಂದು ಗೇಣು ಕೆಳಗೂ ಇಟ್ಟು ನೋಡಿಕೊಂಡಿದ್ದರೆ ಮುಂದಿನ ಅನಾಹುತವೆಲ್ಲ ತಪ್ಪುತ್ತಿತ್ತು.

ನಡೆದದ್ದನ್ನು ಕ್ರಮವಾಗಿಯೇ ಹೇಳುತ್ತೇನೆ. ಚೊಚ್ಚಲ ಹೆರಿಗೆಗೆ ಮಕ್ತಲದ ತವರಿಗೆ ಹೋಗಿದ್ದ ನನ್ನ ಹೆಂಡತಿ ಚನ್ನವೀರಮ್ಮ ಮನೆಗೆ ಮರಳಿದ್ದಳು. ಜೊತೆಗೆ ನಮ್ಮ ಮಗಳು, ಮಗಳ ತೊಟ್ಟಿಲು, ಬಾಣಂತನ ಮುಂದುವರಿಸಲು ಅತ್ತೆ ಗುರಮ್ಮ, ಅತ್ತೆಯ ಬಗಲಲ್ಲಿ ಕೂಸಿಗಿಂತ ಜೋಪಾನವಾಗಿ ಬಂದ ಒಂದು ತಗಡಿನ ಡಬ್ಬ. ಡಬ್ಬದ ತುಂಬ ಅಂಟಿನುಂಡಿ. ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ. ಇವೆಲ್ಲ ಜಗಳವಿಲ್ಲದೆ ಒಂದಾಗಿ ಬಾಳುವಷ್ಟು ತುಪ್ಪ!

ಅದೇ ವಾರ ಗದ್ವಾಲದಿಂದ ನನ್ನ ಅಕ್ಕ ಶಂಕರಮ್ಮ ತನ್ನ ಮಗಳ ಮದುವೆಗೆ ಕರೆಯಲು ಬಂದಳು. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಮದುವೆಯಲ್ಲಿ ಸೋದರಮಾವನ ಹೆಂಡತಿ ನಮ್ಮವ್ವನ ಬೆಳ್ಳಿ ಡಾಬನ್ನು ನಡುವಿಗೆ ಕಟ್ಟಿಕೊಂಡು ಮದುಮಗಳಿಗೆ ಮೊದಲ ಆರತಿ ಎತ್ತಬೇಕು. ಅಕ್ಕ ಕುಂಕುಮ ಹಚ್ಚುತ್ತ ನನ್ನ ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿದಳು. ನೋಟ ನಡುವಿನಲ್ಲಿ ನಿಂತಿತು.

"ಏನವಾ ಚನ್ನಿ, ಒಂದು ಹಡದಿ ಸರಿ, ಒಳಗ ಇನ್ನೊಂದು ಉಳದೈತೇನು? ಡಾಬು ಹತ್ತಲಿಲ್ಲಂದ್ರ ಸಂಕೋಚ ಮಾಡಬ್ಯಾಡ. ನಾನೇ ಕಟ್ಟಿಕೊಂಡು ಆರತಿ ಮಾಡ್ತೀನಿ."

ಅಕ್ಕ ನಗುತ್ತ ಹೋದಳು. ಚನ್ನವೀರಮ್ಮ ಟ್ರಂಕು ತೆರೆದು ಡಾಬು ಸುತ್ತಿಕೊಂಡು ನೋಡಿದಳು. ಅದರ ಎರಡು ತುದಿಗಳು ಮಾತು ಬಿಟ್ಟ ಬೀಗರ ಹಾಗೆ ನಾಲ್ಕು ಬೆರಳು ದೂರದಲ್ಲಿ ನಿಂತವು. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿತುಬಿಟ್ಟಳು.

"ನಾ ಗದ್ವಾಲಕ್ಕ ಬರಂಗಿಲ್ರೀ. ಮಂದ್ಯಾಗ ಎಲ್ಲರ ಕಣ್ಣು ಇಲ್ಲೇ ಇರತಾವ. ಕನ್ನಡಿ ಮುಂದ ನಿಂತ್ರ ಇದು ನಂದಲ್ಲ, ಯಾರೋ ತಮ್ಮ ಹೊಟ್ಟಿ ನನಗ ಇಟ್ಟುಕೋ ಅಂತ ಕೊಟ್ಟು ಹೋಗ್ಯಾರ ಅನ್ನಸ್ತೈತಿ."

ಅವಳ ಕಣ್ಣು ತುಂಬಿದ್ದವು. ಎಲ್ಲಿದ್ದನೋ, ನನ್ನೊಳಗಿನ ವಿಜ್ಞಾನಿ ಎದ್ದು ನಿಂತ! ಆಗಲೇ ಆ ಘೋಷಣೆ ಹೊರಬಿದ್ದದ್ದು.

ಅತ್ತೆಯದು ಬೇರೆ ಶಾಸ್ತ್ರ. ದಿನಾ ಎಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಮೆತ್ತಗಾದ ಹಳೆಯ ಸೀರೆಯನ್ನು ಮಗಳ ಹೊಟ್ಟೆಗೆ ಸುತ್ತಿ ಕಟ್ಟುತ್ತಿದ್ದರು. ನಾನು ತಡೆದೆ.

"ಅತ್ತಿಯಾರ, ಬಟ್ಟಿ ಕಟ್ಟಿದರ ವಸ್ತು ಕಡಿಮಿ ಆಗಂಗಿಲ್ಲ. ಒತ್ತಿದ್ದು ಇನ್ನೊಂದು ಕಡೆ ಹೋಗ್ತದ, ಅಷ್ಟ."

"ಎಲ್ಲಿ ಹೋಗ್ತದ ಮಾಸ್ತರ್ರ? ನಿಮ್ಮ ಮದರಸಾ ಸಾಲಿಗೇನು?" ಎಂದರು ಅತ್ತೆ. ಆದರೂ ಅಳಿಯನ ಮಾತೆಂದು ಸೀರೆಯನ್ನು ಮಡಚಿ ಗೂಟಕ್ಕೆ ಹಾಕಿದರು.

ಮಗಳ ಊಟದ ವಿಷಯದಲ್ಲಿ ಮಾತ್ರ ಅವರು ಒಂದಿಂಚೂ ಸರಿಯಲಿಲ್ಲ. ಬೆಳಗ್ಗೆ ಒಂದು ಉಂಡಿ, ಸಂಜೆ ಒಂದು. ನನ್ನ ಸಿದ್ಧಾಂತವೋ ಸರಳ: ಒಳಗೆ ಹೋಗುವುದು ಕಡಿಮೆಯಾದರೆ ಹೊರಗೆ ಕಾಣುವುದೂ ಕಡಿಮೆಯಾಗಬೇಕು. ಉಂಡಿ ನಿಲ್ಲಬೇಕು! ಆದರೆ ಬಟ್ಟಲಲ್ಲಿ ಉಂಡಿ ಉಳಿದರೆ ಅತ್ತೆ ಮನಸ್ಸು ನೋಯಿಸಿಕೊಳ್ಳುತ್ತಾರೆ.

"ಹಂಗಾರ ಉಂಡಿ ಏನು ಮಾಡೋದ್ರೀ? ನಾಯಿಗೆ ಹಾಕಿದ್ರ ನಮ್ಮವ್ವ ಮಕ್ತಲಕ್ಕ ನಡಕೊಂಡು ಹೋಗ್ತಾಳ," ಎಂದು ಚನ್ನವೀರಮ್ಮ ಪಿಸುಗುಟ್ಟಿದಳು.

ನಾನು ಕಣ್ಣುಮುಚ್ಚಿ ಹೇಳಿದೆ: "ನಾ ತಿಂತೀನಿ."

ಹಾಲಾಹಲ ಕುಡಿದ ಶಿವನ ಮುಖದಲ್ಲಿ ಆ ದಿನ ಎಂಥ ಗಾಂಭೀರ್ಯ ಇತ್ತೋ, ನನ್ನ ಮುಖದಲ್ಲೂ ಇತ್ತೆಂದು ಭಾವಿಸುತ್ತೇನೆ. ಆದರೆ ಹಾಲಾಹಲದಲ್ಲಿ ಏಲಕ್ಕಿ ಇರಲಿಲ್ಲ. ಇದರಲ್ಲಿತ್ತು!

ಪ್ರಯೋಗ ಆರಂಭವಾಯಿತು. ಒಂದು ದಾರದಿಂದ ಹೆಂಡತಿಯ ನಡುವನ್ನು ಅಳೆದು, ಅಲ್ಲೊಂದು ಗಂಟು ಹಾಕಿ, ದಾರವನ್ನು ಮೊಳೆಗೆ ತೂಗುಹಾಕಿದೆ. ಅತ್ತೆ ಬಟ್ಟಲಿಟ್ಟು ಆ ಕಡೆ ತಿರುಗಿದೊಡನೆ ಉಂಡಿ ನನ್ನ ಕೈಗೆ, ಕೈಯಿಂದ ಬಾಯಿಗೆ. ಕೆಲವೇ ದಿನಗಳಲ್ಲಿ ಫಲ ಕಾಣಿಸಿತು. ಚನ್ನವೀರಮ್ಮನ ಗಲ್ಲ ಇಳಿಯಿತು, ತೋಳು ಇಳಿಯಿತು. ಹೊಟ್ಟೆಯೊಂದು ಬಿಟ್ಟು ಎಲ್ಲವೂ ಇಳಿಯಿತು! ಸಂಜೆಯಾದರೆ ಕೂಸು ಕಿರಿಕಿರಿ ಮಾಡಿ ಅಳತೊಡಗಿತು. ಅತ್ತೆಗೆ ಗಾಬರಿ.

"ನನ್ನ ಮಗಳ ಮಾರಿ ನೋಡ್ರಿ, ಬತ್ತಿದಂಗ ಆಗೈತಿ. ಎರಡು ಉಂಡಿ ಎಲ್ಲಿಗೂ ಸಾಲವಲ್ವು. ನಾಳಿಯಿಂದ ನಾಲ್ಕು!"

ನಾಲ್ಕಾಯಿತು. ನಾನು ನಾಲ್ಕನ್ನೂ ಎದುರಿಸಿದೆ. ಆಮೇಲೆ ಅಳ್ವಿ ಬೀಜದ ಪಾಯಸ ಬಂತು, ಅದನ್ನೂ ಎದುರಿಸಿದೆ. ಮೆಣಸಿನ ಅನ್ನದ ಮೇಲೆ ತುಪ್ಪದ ಕೆರೆಯೇ ಬಂತು, ಈಜಿ ದಡ ಸೇರಿದೆ. ಇಷ್ಟೆಲ್ಲ ನಡೆಯುವಾಗ ನನಗೆ ಯಾವ ಅನುಮಾನವೂ ಬರಲಿಲ್ಲ. ಯಾಕೆಂದರೆ ನಾನು ಉಡುವುದು ಧೋತರ. ಧೋತರದಂಥ ಉದಾರಿ ಲೋಕದಲ್ಲಿಲ್ಲ. ನೀವು ಎಷ್ಟೇ ಬೆಳೆದರೂ ಅದು ಯಾರಿಗೂ ಚಾಡಿ ಹೇಳುವುದಿಲ್ಲ.

ಚಾಡಿ ಹೇಳಿದ್ದು ಬಗ್ಲೂಸು!

ತಾಲೀಮಿನ, ಅಂದರೆ ವಿದ್ಯಾ ಇಲಾಖೆಯ, ದೊಡ್ಡ ಸಾಹೇಬರು ನಮ್ಮ ಶಾಲೆಯ ತಪಾಸಣೆಗೆ ಬರುತ್ತಾರೆಂದು ಹುಕುಂ ಬಂತು. ಅಂಥ ದಿನ ಮಾಸ್ತರರ ಮೈಗೆ ಶೇರವಾನಿ, ತಲೆಗೆ ದಸ್ತಾರು, ಶೇರವಾನಿಯ ಮೇಲೆ ಹಿತ್ತಾಳೆ ಬಿಲ್ಲೆಯ ನಡುಪಟ್ಟಿ. ಆ ನಡುಪಟ್ಟಿಯೇ ಬಗ್ಲೂಸು. ನಿಜಾಮ ಸರ್ಕಾರದಲ್ಲಿ ಅದಿಲ್ಲದೆ ದೊಡ್ಡವರ ಮುಂದೆ ನಿಲ್ಲುವುದೂ ಒಂದೇ, ಧೋತರವಿಲ್ಲದೆ ನಿಲ್ಲುವುದೂ ಒಂದೇ. ಬೆಳಗ್ಗೆ ಶೇರವಾನಿ ತೊಟ್ಟೆ. ಮೇಲಿನ ಗುಂಡಿಗಳು ವಿಧೇಯವಾಗಿದ್ದವು. ನಡುವಿನವು ಬಂಡಾಯವೆದ್ದವು. ಬಗ್ಲೂಸಿನ ಎರಡು ತುದಿಗಳು ನಾಲ್ಕು ಬೆರಳು ದೂರದಲ್ಲಿ, ನನಗೆ ಚೆನ್ನಾಗಿ ಪರಿಚಯವಿದ್ದ ಅದೇ ಬೀಗರ ಹಾಗೆ ನಿಂತಿದ್ದವು!

"ಚನ್ನೀ, ಬಗ್ಲೂಸು ಕುಗ್ಗೈತಿ ನೋಡು!"

ಬಾಗಿಲಲ್ಲಿ ನಿಂತ ಅವಳು ಒಂದು ಗಳಿಗೆ ನೋಡಿದಳು. "ಹಿತ್ತಾಳಿ ಕುಗ್ಗತೈತೇನ್ರೀ? ಬಿ.ಎಸ್ಸಿ. ಓದಿದವರು ನೀವ ಹೇಳಬೇಕು," ಎಂದು ಮೊಳೆಯ ಮೇಲಿನ ದಾರ ತಂದು ನನ್ನ ನಡುವಿಗೆ ಸುತ್ತಿದಳು. ಅವಳ ಗಂಟು ನನ್ನ ಹೊಕ್ಕುಳನ್ನೂ ತಲುಪಲಿಲ್ಲ.

ವಾದಕ್ಕೆ ಹೊತ್ತಿರಲಿಲ್ಲ. ಅತ್ತೆ ಗೂಟದಿಂದ ಆ ಹಳೆಯ ಸೀರೆಯನ್ನು ಇಳಿಸಿದರು. ಕೆಂಪು ಚೌಕಳಿಯ ನಾರಾಯಣಪೇಟೆ ಸೀರೆ. ಒಂದು ತುದಿ ಅತ್ತೆ, ಇನ್ನೊಂದು ತುದಿ ಹೆಂಡತಿ, ನಡುವೆ ಮಂದರ ಪರ್ವತವಾಗಿ ನಾನು! ಸಮುದ್ರ ಮಥನ ಶುರುವಾಯಿತು.

"ಉಸಿರು ಒಳಗ ಎಳಕೋರಿ ಅಳಿಯಾರ! ವಸ್ತು ಇನ್ನೊಂದು ಕಡೆ ಹೋಗ್ಲಿ!" ಎಂದರು ಅತ್ತೆ, ಹಲ್ಲು ಕಚ್ಚಿ ಎಳೆಯುತ್ತ.

ವಸ್ತು ಹೋಯಿತು. ಎದೆಯವರೆಗೆ ಹೋಯಿತು. ಬಗ್ಲೂಸು ಕೂಡಿತು. ನಾನು ನೆಟ್ಟಗೆ, ತುಂಬ ನೆಟ್ಟಗೆ, ಶಾಲೆಗೆ ನಡೆದೆ.

ಸಾಹೇಬರು ಬಂದರು. ಮಾಸ್ತರರೆಲ್ಲ ಪದ್ಧತಿಯಂತೆ ನಡು ಬಗ್ಗಿಸಿ ಸಲಾಂ ಮಾಡಿದರು. ಅವರೆಲ್ಲ ಬಿಲ್ಲುಗಳಾದರು, ನಾನೊಬ್ಬ ಬಾಣವಾಗಿ ನಿಂತೆ. ಬಗ್ಗಲು ನನಗೇನು ಅಹಂಕಾರವೇ? ಸೀರೆ ಬಿಡಬೇಕಲ್ಲ! ಮುಖ್ಯೋಪಾಧ್ಯಾಯರು ಕಣ್ಣಲ್ಲೇ ನನ್ನನ್ನು ಸುಟ್ಟರು. ಸಾಹೇಬರ ಹುಬ್ಬು ಮೇಲೇರಿತು. ಅವರು ನೇರ ನನ್ನ ತರಗತಿಗೇ ಬಂದು ಪಾಠ ಮಾಡಲು ಹೇಳಿದರು.

ಅಂದಿನ ಪಾಠ ಉಸಿರಾಟ. ನನ್ನ ಹಣೆಬರಹ ನೋಡಿ! ಬೇರೆ ದಾರಿಯಿಲ್ಲದೆ ಹುಡುಗರಿಗೆ ಹೇಳಿದೆ: "ಎಲ್ಲರೂ ನನ್ನ ಹಾಗೆ ದೀರ್ಘವಾಗಿ ಉಸಿರು ಎಳೆಯಿರಿ." ಹೇಳಿದ ಮೇಲೆ ಮಾಡಿ ತೋರಿಸಬೇಕಲ್ಲ! ಎಳೆದೆ.

ಮೊದಲು ಒಳಗೆಲ್ಲೋ ಗಂಟು ಬಿಚ್ಚಿದ ಸದ್ದು. ಆಮೇಲೆ ಬಗ್ಲೂಸು ಹಾರಿತು! ಹಾರಿದ್ದು ಸಾಹೇಬರ ಮುಂದಿನ ಮೇಜಿನ ಮೇಲಿದ್ದ ತಕ್ಕಡಿಗೆ. ತಟ್ಟೆ ಠಣ್ಣೆಂದು ಕೆಳಗಿಳಿಯಿತು. ಹಿಂದೆಯೇ ಶೇರವಾನಿಯ ಕೆಳಗಿನಿಂದ ಕೆಂಪು ಚೌಕಳಿಯ ಸೆರಗು ಮೆಲ್ಲಗೆ ಇಳಿದು ಬಂದು ನೆಲ ಮುಟ್ಟಿತು.

ಸಾಹೇಬರು ಸೆರಗನ್ನು ನೋಡಿದರು, ನನ್ನ ಹೊಟ್ಟೆಯನ್ನು ನೋಡಿದರು. ಮನೆಯಲ್ಲಿ ನಾಲ್ಕೈದು ಬಾಣಂತನ ಕಂಡ ಹಿರಿಯರು. ಅರ್ಥವಾಗದೆ ಇರುತ್ತದೆಯೇ! ಗಡ್ಡದೊಳಗೇ ನಗುತ್ತ ಕೇಳಿದರು:

"ಮಾಸ್ಟರ್ ಸಾಬ್, ಲಡ್ಕಾ ಹುವಾ ಕಿ ಲಡ್ಕೀ?"

ಗಂಡೋ, ಹೆಣ್ಣೋ! ವಿಜ್ಞಾನಿ ಸುಳ್ಳು ಹೇಳಬಾರದು. "ಲಡ್ಕೀ, ಹುಜೂರ್," ಎಂದೆ.

"ಮುಬಾರಕ್! ಘರ್ ಜಾಕೇ ಆರಾಮ್ ಕರೋ," ಎಂದು ಸಾಹೇಬರು, ಮನೆಗೆ ಹೋಗಿ ವಿಶ್ರಾಂತಿ ತಗೋ ಅಂತ ಬಾಣಂತಿಗೆ ಹೇಳುವ ಮಾತನ್ನು ನನಗೆ ಹೇಳಿ, ಬಗ್ಲೂಸನ್ನು ತಾವೇ ಎತ್ತಿ ನನ್ನ ಕೈಯಲ್ಲಿಟ್ಟು ಕಳಿಸಿದರು. ಹುಡುಗರ ನಗು ನನ್ನನ್ನು ಓಣಿಯ ತಿರುವಿನವರೆಗೂ ಬೀಳ್ಕೊಟ್ಟಿತು.

ಮನೆಯಲ್ಲಿ ನಡೆದದ್ದನ್ನು ಹೇಳಿದೆ. ಚನ್ನವೀರಮ್ಮ ಗೋಡೆ ಹಿಡಿದು ನಕ್ಕಳು. ಹೆರಿಗೆಯಾದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ನಗುತ್ತ ನಗುತ್ತಲೇ ಕಣ್ಣಿಗೆ ಕತ್ತಲೆ ಬಂದು ಕೆಳಗೆ ಕುಳಿತಳು.

ಅತ್ತೆ ನಗಲಿಲ್ಲ. ತಲೆ ಸುತ್ತಿ ಕುಳಿತ ಮಗಳಿಗೆ ಹಾಲು ಕುಡಿಸಿ, ಖಾಲಿ ಡಬ್ಬವನ್ನು ತಂದು ನನ್ನ ಮುಂದಿಟ್ಟರು. "ಡಬ್ಬಿ ಬರಿದಾತು, ನನ್ನ ಮಗಳು ಯಾಕ ತುಂಬವಲ್ಲಳು ಅಂತಿದ್ದೆ. ಅಳಿಯಾರ, ನೀವು ತಿಂದದ್ದು ಉಂಡಿ ಅಲ್ರಿ. ಆ ಕೂಸಿನ ಹಾಲು."

ನಾನು ಡಬ್ಬವನ್ನು ನನ್ನ ಕಡೆಗೆ ಎಳೆದುಕೊಂಡು ಅದರ ತಳ ನೋಡಿದೆ.

"ನಾನೂ ಕೂಡೇ ಮಾಡೀನವ್ವ," ಎಂದಳು ಚನ್ನವೀರಮ್ಮ. "ಡಾಬಿನ ಆಸೆ."

"ಹೊಟ್ಟಿ ಉಬ್ಬಾಕ ಒಂಬತ್ತು ತಿಂಗಳು ಬೇಕಾತು. ಇಳಿಯಾಕ ಅದಕ್ಕೂ ಟೈಮು ಕೊಡಬೇಕಿಲ್ಲೋ?" ಎಂದರು ಅತ್ತೆ. ಅಂದೇ ಹೊಸ ಉಂಡಿ ಕಟ್ಟಿದರು. ಮಗಳು ತಿನ್ನುವವರೆಗೆ ಎದುರೇ ಕುಳಿತರು, ಬೆನ್ನು ನನ್ನ ಕಡೆಗೆ. ಕೂಸಿನ ಸಂಜೆಯ ಅಳು ನಿಂತಿತು. ನಾನು ದಾರವನ್ನು ಬಿಸಾಡಲು ಹೋದೆ. ಚನ್ನವೀರಮ್ಮ ಕಸಿದುಕೊಂಡಳು. "ಇರ್ಲಿ, ಕೆಲಸಕ್ಕ ಬರತೈತಿ."

ಮದುವೆಯ ಹಿಂದಿನ ದಿನ ಅತ್ತೆ ಮತ್ತೆ ಬರಿದಾದ ಡಬ್ಬ ತೆಗೆದುಕೊಂಡು ನಮ್ಮೊಡನೆ ಹೊರಟು ಮಕ್ತಲದಲ್ಲಿ ಇಳಿದರು. ನಾವು ಮುಂದೆ ಹೋಗಿ ಕೃಷ್ಣೆ ದಾಟಲು ಹರಗೋಲು ಹತ್ತಿದೆವು. ಅಂಬಿಗ ತಾಯಣ್ಣ ಎಲ್ಲರನ್ನೂ ನೋಡಿ, ನನಗೇ ಹೇಳಿದ: "ಧಣಿ, ನೀವು ನಡುವ ಕೂಡ್ರಿ. ಬಾಜೂಕ ಕುಂತ್ರ ವಾಲತೈತಿ." ಚನ್ನವೀರಮ್ಮ ಹೊಳೆಯ ಕಡೆ ಮುಖ ತಿರುಗಿಸಿದಳು. ಭುಜ ಮಾತ್ರ ಕುಲುಕುತ್ತಿತ್ತು.

ಮರುದಿನ ಚಪ್ಪರದಲ್ಲಿ ಅವಳು ಆರತಿಗೆ ಬಂದಳು. ಗದ್ವಾಲ ಸೀರೆ, ಮೇಲೆ ಅವ್ವನ ಡಾಬು. ತುದಿಗಳು ಕೂಡಿರಲಿಲ್ಲ. ಎರಡು ಬೆರಳು ಇನ್ನೂ ಬಾಕಿ. ಆ ಸಂದಿಯಲ್ಲಿ ನನ್ನ ವಿಜ್ಞಾನದ ದಾರವನ್ನು ಬಿಗಿದು, ಸೆರಗನ್ನೂ ಅಡ್ಡ ಎಳೆದುಕೊಳ್ಳದೆ, ತಲೆಯೆತ್ತಿ ನಿಂತಿದ್ದಳು.

ಅಕ್ಕನ ಕಣ್ಣು ಅಲ್ಲಿಗೇ ಹೋಯಿತು. "ಏನವಾ, ಇನ್ನೂ ಇಳದಿಲ್ಲಲ್ಲ?"

"ಇಲ್ರಿ ಅಕ್ಕಾರ," ಎಂದಳು ಚನ್ನವೀರಮ್ಮ, ಆರತಿಯ ತಟ್ಟೆ ಅಲುಗದಂತೆ. "ನನ್ನ ಹೊಟ್ಟಿ ಯಾಕ ಬಂತು ಅಂತ ಕೇಳಿದ್ರ ತೋರಸಾಕ ತೊಟ್ಟಿಲಾಗ ಕೂಸೈತಿ. ನಿಮ್ಮ ತಮ್ಮಾರು ಏನು ತೋರಸ್ತಾರ, ಕೇಳ್ರಿ."

ಇಡೀ ಚಪ್ಪರ ನನ್ನ ಕಡೆ ತಿರುಗಿತು. ನಾನು ತೋರಿಸಬಹುದಾಗಿದ್ದದ್ದು ಒಂದೇ, ಆ ಖಾಲಿ ಡಬ್ಬ. ಅದನ್ನೂ ಅತ್ತೆ ತುಂಬಿಸಿ ತರಲು ಮಕ್ತಲಕ್ಕೆ ಒಯ್ದಿದ್ದರು!