ಮೊದಲ ಖಂಡ ಕೊನೆಗೆ

ನಮ್ಮ ಮಂಡ್ಯದ ಕಡೆ ಮನೆಯ ಮಾತುಕತೆ ಎಂದರೆ ಎಲ್ಲರೂ ಒಟ್ಟಿಗೆ ಮಾತಾಡುವುದು. ಕೇಳಿಸಿಕೊಳ್ಳುವ ಕೆಲಸ ಪಕ್ಕದ ಮನೆಯವರದು. ಶಾಸನಸಭೆಯ ಕಚೇರಿಯಲ್ಲಿ ಮಸೂದೆ, ತಿದ್ದುಪಡಿಗಳ ಕಡತ ಹೊತ್ತೇ ತಲೆ ನೆರೆಸಿಕೊಂಡು, ನಿವೃತ್ತನಾಗಿ ಹನಕೆರೆಗೆ ಬಂದ ನನಗೆ ನನ್ನ ಮನೆಯಲ್ಲೇ ಮಾತಿನ ಸರದಿ ಸಿಗುತ್ತಿರಲಿಲ್ಲ.

ನನಗೆ ಬೇಕಾಗಿದ್ದುದು ಬೀದಿ ಕಡೆಯ ಕೋಣೆ. ಓದಲು. ನಿಜ ಹೇಳಬೇಕೆಂದರೆ, ಪೇಪರನ್ನು ಮುಖದ ಮೇಲೆ ಹಾಕಿಕೊಂಡು ನಿದ್ದೆ ಮಾಡಲು. ಆದರೆ ಅಲ್ಲಿ ಅಕ್ಕನ ಹೊಲಿಗೆ ಮೆಷಿನ್ ಇತ್ತು. ಭಾವ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದ ಅಕ್ಕ ಕಿಟಕಿ ಪಕ್ಕ ಕೂತು ಊರಿನ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಾಳೆ. ಮನೆಯೊಳಗೆ ಅವಳ ಮಾತು ಕಡಿಮೆ. ಮೆಷಿನ್ ಹಿಂದಿನ ಕೋಣೆಗೆ ಹೋಗಲಿ ಎಂದು ನಾನು ಬಾಯಿ ತೆರೆದಾಗಲೆಲ್ಲ ನನ್ನ ಹೆಂಡತಿ ರತ್ನ ಅಕ್ಕನ ಪರ ವಹಿಸಿ ಕೂಗುತ್ತಿದ್ದಳು, ನಾನೂ ಕೂಗುತ್ತಿದ್ದೆ, ಅಕ್ಕ ಸುಮ್ಮನೆ ಎದ್ದು ಹೋಗುತ್ತಿದ್ದಳು.

ಕೊನೆಗೆ ಒಂದು ಭಾನುವಾರ ನನ್ನ ಹಳೆಯ ವಿದ್ಯೆ ಹೊರತೆಗೆದೆ. ಮೂರು ಖಂಡಗಳ ಮಸೂದೆ ಬರೆದೆ. ಒಂದು, ಇದರ ಹೆಸರು 'ನನ್ನ ಓದುವ ಕೋಣೆ'. ಎರಡು, ಮೆಷಿನ್ ಹಿಂದಿನ ಕೋಣೆಗೆ. ಮೂರು, ಕಿಟಕಿ ಪಕ್ಕಕ್ಕೆ ನನ್ನ ಆರಾಮ ಕುರ್ಚಿ. ನಿಯಮ ಬಲ್ಲವನು ಮನೆಯಲ್ಲಿ ನಾನೊಬ್ಬನೇ, ಗೆಲುವು ಎಲ್ಲಿಗೆ ಹೋಗುತ್ತದೆ ಎಂಬ ಜಂಬದಲ್ಲಿ ಸಭಾಧ್ಯಕ್ಷನ ಕುರ್ಚಿಗೂ ಕೈ ಹಾಕಿದೆ.

"ಮಸೂದೆ ತಂದೋರೇ ಪೀಠದ ಮ್ಯಾಲೆ ಕೂತ್ರೆ ಯಾವ ಸೀಮೆ ನ್ಯಾಯ ಅದು? ಏಳ್ರೀ!" ಎಂದು ರತ್ನ ತಾನೇ ಕೂತಳು. ಒಳ್ಳೆಯದೇ ಆಯಿತು ಅಂದುಕೊಂಡೆ. ಪೀಠದಲ್ಲಿರುವವರು ವಾದ ಮಾಡುವಂತಿಲ್ಲ. ನಾನು ಅರ್ಧ ಗಂಟೆ ಭಾಷಣ ಬಿಗಿದೆ. ರತ್ನ ತುಟಿ ಕಚ್ಚಿಕೊಂಡು ಕೇಳಿದಳು. ಆಮೇಲೆ, "ಎರಡನೇ ಖಂಡ. ಅಕ್ಕಾ, ಈಗ ನಿಮ್ ಸರದಿ. ಯಾರೂ ಮಧ್ಯದಲ್ಲಿ ಬಾಯಿ ಆಕಂಗಿಲ್ಲ" ಎಂದಳು.

ಅಕ್ಕ ಸೆರಗಿನ ಅಂಚು ತಿರುವುತ್ತ ಕೂತಳು. ಆಮೇಲೆ ನನ್ನ ಕಡೆ ತಿರುಗಿದಳು.

"ರೂಮು ನೀನೇ ಇಟ್ಕೋಳಪ್ಪ. ಆ ಕಿಟ್ಕಿ ಒಂದ ನಂಗೆ ಬುಡು. ಓಗೋರು ಬರೋರು ನನ್ನ ಮಾತಾಡ್ಸದು ಅಲ್ಲೇ ಕಣ್ಲಾ. ಹಿಂದ್ಗಡೆ ಕೂತ್ರೆ ನಾನಿದೀನಿ ಅಂತ ಯಾರಿಗ್ ಗೊತ್ತಾಯ್ತದೆ?"

ಮಸೂದೆಯ ಹಾಳೆ ಕೆಳಗಿಟ್ಟೆ. ಆದರೂ ಹುಟ್ಟುಗುಣ ಬಿಡುತ್ತದೆಯೇ? ಅಕ್ಕ ತಂದ ಈ ತಿದ್ದುಪಡಿ ನಿಯಮಬದ್ಧವೇ ಎಂದು ಮನಸ್ಸಿನಲ್ಲೇ ಪರಿಶೀಲಿಸಿದೆ. ಖಂಡವನ್ನು ಬರೀ ತಿರಸ್ಕರಿಸುವ ತಿದ್ದುಪಡಿಯನ್ನು ತಳ್ಳಿಹಾಕಬಹುದು. ಇದು ಹಾಗಿರಲಿಲ್ಲ. ಮಸೂದೆಯ ವ್ಯಾಪ್ತಿಯಲ್ಲೇ ಇತ್ತು. ನಾನೇ ಮೊದಲು ಕೈ ಎತ್ತಿದೆ. ಕಿಟಕಿ ಅಕ್ಕನದಾದ ಮೇಲೆ ಆರಾಮ ಕುರ್ಚಿಗೆ ಜಾಗವಿಲ್ಲ. ಮೂರನೇ ಖಂಡ ತಾನಾಗಿ ಬಿದ್ದುಹೋಯಿತು.

ಮಸೂದೆಯ ಹೆಸರಿರುವ ಮೊದಲ ಖಂಡವನ್ನು ಎಲ್ಲಕ್ಕಿಂತ ಕೊನೆಗೆ ಮತಕ್ಕೆ ಹಾಕುವುದು ಶಾಸನಸಭೆಯ ಕ್ರಮ. ಅದು ಯಾಕೆಂದು ಯೋಚಿಸದೆಯೇ ಇಡೀ ನೌಕರಿ ಮುಗಿಸಿದ್ದೆ. ತಿದ್ದುಪಡಿಗಳೆಲ್ಲ ಮುಗಿದ ಮೇಲೆ ಒಳಗೆ ಏನು ಉಳಿದಿದೆ ಎಂದು ನೋಡಿ ಹೆಸರಿಡಬೇಕಲ್ಲ! 'ನನ್ನ ಓದುವ ಕೋಣೆ' ಎಂಬುದನ್ನು ಹೊಡೆದುಹಾಕಿ 'ಅಕ್ಕನ ಕೋಣೆ' ಎಂದು ನನ್ನ ಕೈಯಾರೆ ಬರೆದೆ. ಇಷ್ಟು ವರ್ಷ ನನಗೆ ಅನ್ನ ಕೊಟ್ಟ ಆ ನಿಯಮಗಳಿಗೆ ಅಂದು ನಿಜವಾಗಿ ಕೈಮುಗಿದೆ. ಅವಿಲ್ಲದಿದ್ದರೆ ನಾನು ಗೆದ್ದೇಬಿಡುತ್ತಿದ್ದೆ.

ಈಗಲೂ ಆ ಕೋಣೆಗೆ ಹೋಗುತ್ತೇನೆ, ಪ್ರೇಕ್ಷಕರ ಗ್ಯಾಲರಿಯ ನಿಯಮದ ಮೇಲೆ. ಮಾತಾಡುವಂತಿಲ್ಲ, ಪೇಪರ್ ಬಿಡಿಸುವಂತಿಲ್ಲ, ನಿದ್ದೆ ಮಾಡುವಂತಿಲ್ಲ. ಅಕ್ಕ ಕಿಟಕಿಯಲ್ಲಿ ಯಾರೊಂದಿಗೋ ನಗುತ್ತಿರುತ್ತಾಳೆ. ನಾನು ಸೂಜಿಗೆ ದಾರ ಪೋಣಿಸುತ್ತಿರುತ್ತೇನೆ.